ಹಿತ್ತಿಲ ಕಳೆ, ಹೊಲದ ಕಳೆ: ಗುರುತು ಹಿಡಿಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಗಾರು ಶುರುವಾಗಿ ನೆಲ ಹಸಿರಾದ ಕೂಡಲೇ ಈ ಪ್ರಶ್ನೆಗಳು ಬರತೊಡಗುತ್ತವೆ. ಕೆಲವರು ಮಾತಿನ ನಡುವೆ ಕೇಳುತ್ತಾರೆ, ಕೆಲವರು ಬರೆದು ಕೇಳುತ್ತಾರೆ, ಕೆಲವರು ಗಿಡವನ್ನೇ ಕಿತ್ತು ತಂದು ಮುಂದಿಡುತ್ತಾರೆ. ಹೆಚ್ಚು ಬಾರಿ ಬಂದ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲೇ, ಇಲ್ಲಿ ಸೇರಿಸಿದ್ದೇನೆ. ಉತ್ತರಗಳು ಕರ್ನಾಟಕದ ಬಯಲುಸೀಮೆ, ಮಲೆನಾಡು, ಕರಾವಳಿಯ ನೆಲಕ್ಕೆ ಹೊಂದುವಂಥವು. ಕಳೆ ತೆಗೆಯುವ ಮೊದಲು ಅದರ ಬೇರು ನೋಡಿ. ಯಾವ ಗಿಡ ಯಾವುದರಿಂದ ಮತ್ತೆ ಹುಟ್ಟುತ್ತದೆ ಅನ್ನುವುದು ಗೊತ್ತಿಲ್ಲದೆ ಕೀಳುವುದರಿಂದಲೇ ಎಷ್ಟೋ ಜನರ ಕೂಲಿ, ಬೆವರು ಎರಡೂ ಹಾಳಾಗುತ್ತಿವೆ.

## ಮೊದಲು ತಿಳಿಯಬೇಕಾದ್ದು

"ನಂಗೆ ಎಲ್ಲಾ ಹಸಿರಾಗೇ ಕಾಣ್ಸತ್ತೆ. ಎಲ್ಲಿಂದ ನೋಡೋಕೆ ಶುರು ಮಾಡ್ಲಿ?"

ಕಾಂಡದಿಂದ. ಎರಡು ಬೆರಳಿನ ನಡುವೆ ಕಾಂಡ ಹಿಡಿದು ಮೆಲ್ಲಗೆ ಹೊರಳಿಸಿ. ಮೂರು ಮೂಲೆ ಸಿಕ್ಕಿದರೆ ಅದು ಜೇಕಿನ ಜಾತಿ. ಗುಂಡಗೆ ಅಥವಾ ಚಪ್ಪಟೆಯಾಗಿದ್ದು, ನಡುನಡುವೆ ಗೆಣ್ಣು ಇದ್ದು, ಎಲೆ ಉದ್ದಕ್ಕೆ ಕಿರಿದಾಗಿದ್ದರೆ ಹುಲ್ಲಿನ ಜಾತಿ. ಎಲೆಯಲ್ಲಿ ಬಲೆಯಂಥ ನರಗಳಿದ್ದರೆ ಅಗಲ ಎಲೆಯ ಕಳೆ. ಕೃಷಿ ಇಲಾಖೆಯವರು ಮಾತಾಡುವುದೂ ಈ ಮೂರು ಗುಂಪುಗಳಲ್ಲೇ. ಕನ್ನೆ ಸೊಪ್ಪು ಮಾತ್ರ ಸ್ವಲ್ಪ ಗೊಂದಲ ಮಾಡುತ್ತದೆ. ಅದರ ನರಗಳು ಹುಲ್ಲಿನ ಹಾಗೆ ಉದ್ದಕ್ಕೆ ಓಡುತ್ತವೆ, ಆದರೆ ಎಲೆ ಅಗಲ, ಹೂವು ನೀಲಿ.

ಆಮೇಲೆ ಗಿಡವನ್ನು ಬುಡ ಸಮೇತ ಎತ್ತಿ. ಒಂದೇ ತಾಯಿಬೇರು ಇದೆಯಾ, ನೆಲದ ಮೇಲೆ ಹರಿದು ಗೆಣ್ಣುಗೆಣ್ಣಿಗೆ ಬೇರು ಬಿಟ್ಟಿದೆಯಾ, ಕೆಳಗೆ ಗಡ್ಡೆ ಇದೆಯಾ? ಕೊನೆಗೆ ಕಾಂಡ ಮುರಿದು ರಸ ನೋಡಿ. ಅಚ್ಚೆಗಿಡದಲ್ಲಿ ಬಿಳಿ ಹಾಲು, ಮುಳ್ಳು ದತ್ತೂರಿಯಲ್ಲಿ ಹಳದಿ ರಸ ಬರುತ್ತದೆ. ಗುರುತು ಸಿಗದ ಗಿಡವನ್ನು ಬಾಯಿಗೆ ಹಾಕಿ ರುಚಿ ನೋಡಬೇಡಿ. ರಸ ಮುಟ್ಟಿದ ಕೈಯಲ್ಲಿ ಕಣ್ಣು ಉಜ್ಜಬೇಡಿ.

"ಹೂ ಬಿಡೋವರೆಗೂ ಕಾಯ್ಬೇಕಾ, ಮೊಳಕೆಯಲ್ಲೇ ಗೊತ್ತಾಗಲ್ವಾ?"

ಗೊತ್ತಾಗುತ್ತದೆ, ಆದರೆ ಕಣ್ಣು ಪಳಗಬೇಕು. ಅದಕ್ಕೊಂದು ಸುಲಭ ದಾರಿ ಇದೆ. ನಿಮ್ಮ ಹೊಲದ ಮೇಲ್ಮಣ್ಣನ್ನು ಒಂದು ಟ್ರೇಯಲ್ಲಿ ಹರವಿ ನೀರು ಹಾಕಿ. ಪಕ್ಕದ ಟ್ರೇಯಲ್ಲಿ ಶುದ್ಧ ಮಣ್ಣು ಹಾಕಿ ನೀವು ಬಿತ್ತುವ ಬೆಳೆಯ ಬೀಜ ಊರಿ. ಎರಡನೇ ಟ್ರೇಯಲ್ಲಿ ಇಲ್ಲದ ಮೊಳಕೆಗಳೆಲ್ಲ ನಿಮ್ಮ ಮಣ್ಣಿನಲ್ಲಿ ಮಲಗಿದ್ದ ಕಳೆಗಳು. ಪ್ರತಿಯೊಂದು ಜಾತಿಯ ಒಂದೊಂದು ಗಿಡವನ್ನು ಹೂ ಬಿಡುವವರೆಗೆ ಬೆಳೆಸಿ, ವಾರಕ್ಕೊಂದು ಫೋಟೋ ತೆಗೆದಿಡಿ. ಮುಂದಿನ ಹಂಗಾಮಿಗೆ ಎರಡೆಲೆಯಲ್ಲೇ ಹೆಸರು ಹೇಳುತ್ತೀರಿ.

ಕೂರಿಗೆಯಲ್ಲಿ ಸಾಲಾಗಿ ಬಿತ್ತಿದ ಹೊಲದಲ್ಲಿ ಕೆಲಸ ಇನ್ನೂ ಹಗುರ. ಸಾಲಿನ ಆಚೆ ಹುಟ್ಟಿದ್ದು ಬೆಳೆಯಲ್ಲ.

## ಮನೆ ಸುತ್ತ, ಸೈಟು, ಹಿತ್ತಿಲು

"ಎಷ್ಟು ಕಿತ್ರೂ ವಾರದಲ್ಲಿ ಮತ್ತೆ ಎದ್ದು ನಿಲ್ಲತ್ತೆ. ಹುಲ್ಲಿನ ಥರ ಇದೆ, ಹೊಳಪಿನ ಎಲೆ. ಏನಿದು?"

ಹೆಚ್ಚಿನಂಶ ಜೇಕು. ಕೊನ್ನಾರಿ ಗಡ್ಡೆ, ತುಂಗೆ ಗಡ್ಡೆ, ಭದ್ರಮುಷ್ಟಿ ಅಂತಲೂ ಕರೆಯುತ್ತಾರೆ. ಮೂರು ಮೂಲೆಯ ಕಾಂಡ, ಬುಡದಿಂದ ಮೂರು ದಿಕ್ಕಿಗೆ ಹೊರಟ ಎಲೆಗಳು, ತುದಿಯಲ್ಲಿ ಕಂದುಗೆಂಪು ತೆನೆ. ಮಣ್ಣು ಬಗೆದರೆ ಕಪ್ಪು ಸಿಪ್ಪೆಯ ಸಣ್ಣ ಗಡ್ಡೆ ಸಿಗುತ್ತದೆ. ಮುರಿದರೆ ಪರಿಮಳ. ಗ್ರಂಥಿಗೆ ಅಂಗಡಿಯಲ್ಲಿ ಒಣಗಿಸಿ ಮಾರುವುದು ಇದನ್ನೇ.

ಕೈಯಲ್ಲಿ ಎಳೆದಾಗ ಬರುವುದು ಎಲೆ ಮಾತ್ರ, ಗಡ್ಡೆ ಅಲ್ಲೇ ಉಳಿಯುತ್ತದೆ. ಕೆಳಗೆ ಗಡ್ಡೆಗಳು ದಾರದಂಥ ಬೇರುಕಾಂಡದಿಂದ ಒಂದಕ್ಕೊಂದು ಸೇರಿಕೊಂಡಿರುತ್ತವೆ. ಈ ಸರಪಳಿ ಪೂರ್ತಿಯಾಗಿರುವಾಗ ಎಲ್ಲ ಗಡ್ಡೆಯೂ ಚಿಗುರುವುದಿಲ್ಲ, ಕೆಲವು ಸುಮ್ನೆ ಮಲಗಿರುತ್ತವೆ. ಗುದ್ದಲಿ ಹಾಕಿ ಸರಪಳಿ ತುಂಡು ಮಾಡಿದಿರೋ, ಬಿಡಿಯಾದ ಒಂದೊಂದು ಗಡ್ಡೆಯೂ ಚಿಗುರುತ್ತದೆ. "ಅಗೆದ ಮೇಲೆ ಜಾಸ್ತಿ ಆಯ್ತು" ಅಂತ ಜನ ಹೇಳುವುದು ನಿಜವೇ.

ಸಣ್ಣ ಜಾಗವಾದರೆ ಮಳೆ ಬಂದು ನೆಲ ಮೆತ್ತಗಾದಾಗ ಒಂದು ಗುದ್ದಲಿಯಷ್ಟು ಆಳದ ಮಣ್ಣನ್ನು ಎತ್ತಿ, ಜರಡಿ ಹಿಡಿದು, ಗಡ್ಡೆಗಳನ್ನು ಆರಿಸಿ ತೆಗೆಯಿರಿ. ಆಮೇಲೆ ಚಿಗುರಿದ್ದನ್ನು ಮೂರು ನಾಲ್ಕು ಎಲೆ ಬರುವಾಗಲೇ ಮತ್ತೆ ಮತ್ತೆ ತೆಗೆಯಬೇಕು. ಹೊಸ ಗಡ್ಡೆ ಕಟ್ಟಲು ಬಿಡದಿದ್ದರೆ ಹಳೆಯ ಗಡ್ಡೆಯ ಕಸುವು ಮುಗಿಯುತ್ತಾ ಬರುತ್ತದೆ. ಹೊಲವಾದರೆ ಬೇಸಿಗೆಯ ಮಾಗಿ ಉಳುಮೆ ಮಾಡಿ ಗಡ್ಡೆಗಳನ್ನು ಬಿಸಿಲಿಗೆ ಒಡ್ಡಿ. ಒಣಗಿದ ಗಡ್ಡೆ ಸಾಯುತ್ತದೆ. ಪ್ಲಾಸ್ಟಿಕ್ ಹೊದಿಕೆ ನಂಬಬೇಡಿ, ಜೇಕಿನ ಚೂಪು ಮೊಳಕೆ ಅದನ್ನೂ ತೂತು ಮಾಡಿಕೊಂಡು ಬರುತ್ತದೆ. ಆದರೆ ನೆರಳು ಇದಕ್ಕೆ ಆಗದು. ಅಲಸಂದೆಯಂಥ ದಟ್ಟವಾಗಿ ಹರಡುವ ಬೆಳೆ ಹಾಕಿದರೆ ಸೊರಗುತ್ತದೆ.

ಬೆಂಗಳೂರಿನ ಎಷ್ಟೋ ಮನೆಗಳಿಗೆ ಜೇಕು ಬರುವುದು ಕೊಂಡು ತಂದ ಕೆಂಪು ಮಣ್ಣಿನಲ್ಲಿ, ನರ್ಸರಿಯ ಕುಂಡದಲ್ಲಿ. ಮಣ್ಣು ಸುರಿಸಿಕೊಳ್ಳುವ ಮೊದಲು ಒಂದು ಹಿಡಿ ತೆಗೆದು ಗಡ್ಡೆ ಇದೆಯಾ ನೋಡಿ.

"ಪೂಜೆಗೆ ಗರಿಕೆ ಅಂತ ಬೇರೆ ಯಾವುದೋ ಹುಲ್ಲು ಕಿತ್ತು ತರ್ತಿದೀವೇನೋ ಅಂತ ಅನುಮಾನ. ಹೇಗೆ ಗುರುತಿಸೋದು?"

ಗರಿಕೆ ನೆಲಕ್ಕಂಟಿ ಹರಿಯುತ್ತದೆ, ಗೆಣ್ಣಿಗೆ ಬೇರು ಬಿಡುತ್ತದೆ. ಕಾಂಡ ಸಣ್ಣದು, ಗಟ್ಟಿ. ಎಲೆ ಕಾಂಡಕ್ಕೆ ಸೇರುವಲ್ಲಿ ಬಿಳಿ ನವಿರು ಕೂದಲು ಕಾಣುತ್ತದೆ. ತೆನೆ ಬಂದಾಗ ಒಂದೇ ಬಿಂದುವಿನಿಂದ ಮೂರರಿಂದ ಆರು ತೆಳ್ಳನೆ ಕಡ್ಡಿಗಳು ಹೊರಡುತ್ತವೆ. ಕಾಡು ರಾಗಿಯ ತೆನೆಯೂ ಹೀಗೇ ಕಾಣುತ್ತದೆ, ಆದರೆ ಅದು ಹರಿಯುವುದಿಲ್ಲ, ಗುಂಪಾಗಿ ಒಂದೇ ಬುಡದಿಂದ ಏಳುತ್ತದೆ, ಬುಡ ಚಪ್ಪಟೆಯಾಗಿ ಬೆಳ್ಳಗಿರುತ್ತದೆ.

ಹೊಲದಲ್ಲಿ ಗರಿಕೆ ಕಾಟ ಕೊಡುವುದು ತುಂಡುಗಳಿಂದ. ರೋಟವೇಟರ್ ಹೊಡೆದರೆ ಒಂದು ಬಳ್ಳಿ ನೂರು ಗಿಡವಾಗುತ್ತದೆ. ಒಣ ಬೇಸಿಗೆಯಲ್ಲಿ ನೇಗಿಲಿನಿಂದ ಎತ್ತಿ, ಹರಗಿ, ಬೇರು ಸಮೇತ ಆರಿಸಿ ಹೊರಗೆ ಹಾಕುವುದೇ ದಾರಿ. ಬದುವಿನ ಮೇಲೆ ಇದ್ದರೆ ಇರಲಿ ಬಿಡಿ. ಮಣ್ಣು ಕೊಚ್ಚಿ ಹೋಗದಂತೆ ಹಿಡಿಯುತ್ತದೆ, ದನಕ್ಕೂ ಮೇವು.

"ಖಾಲಿ ಸೈಟಿನ ತುಂಬ ಬಿಳಿ ಹೂವಿನ ಗಿಡ. ಪಾರ್ಥೇನಿಯಂ ಅಂತ ಹೇಗೆ ಖಾತ್ರಿ ಮಾಡ್ಕೊಳ್ಳೋದು?"

ಎಳೆಯದಾಗಿದ್ದಾಗ ಎಲೆಗಳು ನೆಲಕ್ಕೆ ಅಂಟಿಕೊಂಡು ಚಕ್ರದಂತೆ ಹರಡಿರುತ್ತವೆ. ಎಲೆ ಕ್ಯಾರೆಟ್ ಎಲೆಯ ಹಾಗೆ ಆಳವಾಗಿ ಸೀಳಿರುತ್ತದೆ. ಆಮೇಲೆ ನಡುವಿನಿಂದ ಗೀರುಗೀರಾದ ಕಾಂಡ ಎದ್ದು ಮೇಲೆ ತುಂಬ ಕವಲೊಡೆಯುತ್ತದೆ. ಹೂವು ಅಕ್ಕಿ ನುಚ್ಚಿನ ಗಾತ್ರದ ಬಿಳಿ ಗುಂಡು. ಹತ್ತಿರದಿಂದ ನೋಡಿದರೆ ಐದು ಮೂಲೆ ಕಾಣುತ್ತದೆ.

ಚೆಂಡು ಹೂವಿನ ಸಸಿ, ದವನ, ಮಾಚಿಪತ್ರೆಯನ್ನು ಪಾರ್ಥೇನಿಯಂ ಅಂದುಕೊಂಡು ಕಿತ್ತವರಿದ್ದಾರೆ. ಎಲೆ ಹಿಸುಕಿ ಮೂಸಿ ನೋಡಿ. ಈ ಮೂರಕ್ಕೂ ಅವುಗಳದೇ ಗಾಢ ವಾಸನೆ ಇದೆ, ಪಾರ್ಥೇನಿಯಂಗೆ ಅಂಥದ್ದಿಲ್ಲ. ನಾಯಿತುಳಸಿ ಅನ್ನುವ ಊರಾಲ ಗಿಡಕ್ಕೂ ಬಿಳಿ ಅಥವಾ ತಿಳಿನೀಲಿ ಹೂವಿದೆ, ಆದರೆ ಅದರ ಎಲೆ ಸೀಳಿರುವುದಿಲ್ಲ.

ಅಮೆರಿಕದ ಉಷ್ಣ ಪ್ರದೇಶದ ಪಾರ್ಥೇನಿಯಂ ಗಿಡವನ್ನು ನಮ್ಮಲ್ಲಿ 1950ರ ದಶಕದ ನಡುವೆ ಪುಣೆಯಲ್ಲಿ ಗಮನಿಸಿದರು. ಇವತ್ತು ಇದಿಲ್ಲದ ರಸ್ತೆ ಬದಿ ಇಲ್ಲ. ಒಂದು ದೊಡ್ಡ ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಅದಕ್ಕೇ ಹೂ ಬಿಡುವ ಮೊದಲು ಕೀಳಬೇಕು ಅಂತ ಒತ್ತಿ ಹೇಳುವುದು. ಮಳೆ ಬಿದ್ದ ಮಾರನೆ ದಿನ ಬೇರು ಸಮೇತ ಸಲೀಸಾಗಿ ಬರುತ್ತದೆ. ಕತ್ತಿಯಲ್ಲಿ ಸವರಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಹೂ ಬಿಡದ ಗಿಡವನ್ನು ಗೊಬ್ಬರದ ಗುಂಡಿಗೆ ಧಾರಾಳವಾಗಿ ಹಾಕಬಹುದು.

"ಕಾಂಗ್ರೆಸ್ ಗಿಡ ಕಿತ್ತ ಮೇಲೆ ಕುತ್ತಿಗೆ, ಕೈ ಎಲ್ಲಾ ಕೆರೆತ. ಅದರಿಂದಾನೇ ಇರಬಹುದಾ?"

ಇರಬಹುದು. ಕಾಂಗ್ರೆಸ್ ಗಿಡ ಅಂದರೂ ಪಾರ್ಥೇನಿಯಂ ಅಂದರೂ ಒಂದೇ. ಅದರಲ್ಲಿರುವ ಪಾರ್ಥೆನಿನ್ ಅನ್ನುವ ವಸ್ತು ಕೆಲವರ ಚರ್ಮಕ್ಕೆ ಆಗುವುದಿಲ್ಲ. ಒಣಗಿದ ಗಿಡದ ಪುಡಿ, ಪರಾಗ ಗಾಳಿಯಲ್ಲಿ ಬಂದು ಕೂತರೂ ಸಾಕು. ಮುಖ, ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ಮೊದಲು ಕಾಣುತ್ತದೆ. ಅಸ್ತಮಾ ಇದ್ದವರಿಗೆ ಉಸಿರಿನ ತೊಂದರೆಯೂ ಜಾಸ್ತಿಯಾಗಬಹುದು. ಮೊದಲ ಸಲ ಏನೂ ಆಗದವರಿಗೆ ಹಲವು ಸಲ ಮುಟ್ಟಿದ ಮೇಲೆ ಶುರುವಾಗುವುದುಂಟು. ಹಾಗಾಗಿ "ನಂಗೇನೂ ಆಗಲ್ಲ" ಅಂತ ಬರಿಗೈಲಿ ಕೀಳಬೇಡಿ. ತುಂಬು ತೋಳಿನ ಅಂಗಿ, ಕೈಗವಸು, ಮೂಗಿಗೆ ಬಟ್ಟೆ ಇರಲಿ. ಕೆರೆತ ಶುರುವಾಗಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಶಾಲೆ ಮಕ್ಕಳ ಕೈಯಲ್ಲಿ, ಪೌರಕಾರ್ಮಿಕರ ಕೈಯಲ್ಲಿ ಯಾವ ರಕ್ಷಣೆಯೂ ಇಲ್ಲದೆ ಇದನ್ನು ಕೀಳಿಸುವುದು ದಯವಿಟ್ಟು ನಿಲ್ಲಬೇಕು.

"ಪಾರ್ಥೇನಿಯಂ ಎಲೆ ಮೇಲೆ ಗೆರೆಗೆರೆ ಇರೋ ಹುಳ ತುಂಬಿದೆ. ಔಷಧಿ ಹೊಡೀಲಾ?"

ಬೇಡ. ಅದು ನಿಮ್ಮ ಕೆಲಸವನ್ನೇ ಮಾಡುತ್ತಿದೆ. ಮಾಸಲು ಬಿಳಿ ಬೆನ್ನಿನ ಮೇಲೆ ಕಂದು ಅಂಕುಡೊಂಕು ಗೆರೆ ಇದ್ದರೆ ಅದು ಮೆಕ್ಸಿಕನ್ ದುಂಬಿ. 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತಂದು, ಪರೀಕ್ಷೆ ಮಾಡಿ, 1984ರಲ್ಲಿ ಬಿಟ್ಟರು. ಮರಿಹುಳ, ದುಂಬಿ ಎರಡೂ ಎಲೆ ತಿಂದು ಗಿಡವನ್ನು ಬೋಳು ಮಾಡುತ್ತವೆ. ಮಳೆಗಾಲದಲ್ಲಿ ಚುರುಕು, ಒಣ ದಿನಗಳಲ್ಲಿ ಮಣ್ಣಿನೊಳಗೆ ಮಲಗುತ್ತವೆ. ಸೂರ್ಯಕಾಂತಿಗೂ ಬೀಳಬಹುದೆಂದು ಒಮ್ಮೆ ಭಯ ಎದ್ದಿತ್ತು. ಪರಿಶೀಲನೆ ಮಾಡಿದ ಮೇಲೆ ಅದರ ಬಳಕೆ ಮುಂದುವರಿಯಿತು.

"ಅಜ್ಜಿ ಕಾಲದಲ್ಲಿ ಕಳೆ ಗಿಡಾನೇ ಸಾರು ಮಾಡ್ತಿದ್ರಂತೆ. ಯಾವುದು ತಿನ್ನಬಹುದು?"

ಹಳೇ ಮೈಸೂರು ಕಡೆಯ ಬೆರಕೆ ಸೊಪ್ಪಿನ ಸಾರಿಗೆ ಸೊಪ್ಪು ಬರುವುದೇ ಹೊಲದ ಕಳೆಯಿಂದ. ರಾಗಿ ಹೊಲದ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕೀರೆ, ತೇವದ ಜಾಗದ ಹೊನಗೊನ್ನೆ, ಕನ್ನೆ ಎಲ್ಲವೂ ಅದರಲ್ಲಿ ಸೇರುತ್ತವೆ. ಕರಾವಳಿಯಲ್ಲಿ ಆಟಿ ತಿಂಗಳಲ್ಲಿ ತಗತೆ ಸೊಪ್ಪು, ಅಂದರೆ ತುಳುವರ ತಜಂಕ್, ಅಡುಗೆಗೆ ಬಂದೇ ಬರುತ್ತದೆ. ಇವನ್ನು ಕಳೆ ಅಂತ ವಿಷ ಹೊಡೆದು ಕೊಂದು, ಸೊಪ್ಪಿಗೆ ಸಂತೆಗೆ ಹೋಗುವ ಸ್ಥಿತಿ ಬಂದಿರುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಗುರುತು: ಗೋಣಿ ಸೊಪ್ಪಿನ ಕಾಂಡ ಕೆಂಪಗೆ, ರಸಭರಿತ, ಎಲೆ ದಪ್ಪ, ಹೂ ಹಳದಿ. ಮುರಿದರೆ ನೀರು ಬರಬೇಕು. ಬಿಳಿ ಹಾಲು ಬಂದರೆ ಅದು ನೆಲಕ್ಕೆ ಹರಡುವ ಬೇರೆ ಗಿಡ, ಎಸೆಯಿರಿ. ಅಣ್ಣೆಯ ತೆನೆ ತುದಿಯಲ್ಲಿ ಗುಲಾಬಿ, ಕೆಳಗೆ ಬೆಳ್ಳಿ ಬಿಳುಪು. ಅಡುಗೆಗೆ ತೆನೆ ಬರುವ ಮೊದಲಿನ ಎಳೆ ಎಲೆ ಚೆನ್ನ. ಮುಳ್ಳು ಹರಿವೆಯ ಗೆಣ್ಣಿನಲ್ಲಿ ಜೋಡಿ ಮುಳ್ಳು ಇರುತ್ತದೆ, ಕೀರೆಯಲ್ಲಿ ಇರುವುದಿಲ್ಲ. ಎರಡೂ ಎಳೆಯದಿದ್ದಾಗ ತಿನ್ನುತ್ತಾರೆ.

ಚರಂಡಿ ಪಕ್ಕ, ಹೆದ್ದಾರಿ ಬದಿ, ಔಷಧಿ ಹೊಡೆದ ಹೊಲದಿಂದ ಕೊಯ್ಯಬೇಡಿ. ಮೂತ್ರಪಿಂಡದ ಕಲ್ಲು ಇರುವವರಿಗೆ ಗೋಣಿ ಸೊಪ್ಪು ಹೆಚ್ಚು ಒಳ್ಳೆಯದಲ್ಲ, ಅದರಲ್ಲಿ ಆಕ್ಸಲೇಟ್ ಜಾಸ್ತಿ. ಮೊದಲ ಸಲ ಕೊಯ್ಯುವಾಗ ಸೊಪ್ಪು ಬಲ್ಲ ಹಿರಿಯ ಹೆಂಗಸರನ್ನು ಜೊತೆಗೆ ಕರೆದುಕೊಂಡು ಹೋಗಿ.

"ದತ್ತೂರಿ ಅಂದ್ರೆ ಉಮ್ಮತ್ತಿನಾ? ಒಬ್ಬೊಬ್ರು ಒಂದೊಂದು ಗಿಡ ತೋರಿಸ್ತಾರೆ."

ಎರಡು ಬೇರೆ ಗಿಡ, ಎರಡೂ ವಿಷ. ಉಮ್ಮತ್ತಿಗೆ ಕಹಳೆಯಂಥ ದೊಡ್ಡ ಹೂವು, ಮುಳ್ಳಿನ ದುಂಡು ಕಾಯಿ. ಹಳದಿ ಹೂವಿನ ಮುಳ್ಳು ದತ್ತೂರಿಯ ಎಲೆ ಬೂದುಹಸಿರು, ನರದ ಉದ್ದಕ್ಕೂ ಬಿಳಿ, ಅಂಚಿನ ತುಂಬ ಮುಳ್ಳು. ಅದರ ಕಪ್ಪು ಬೀಜ ಸಾಸಿವೆಯ ಹಾಗೇ ಇದೆ. ಅಪಾಯ ಇರುವುದು ಅಲ್ಲೇ. ಸಾಸಿವೆ ಎಣ್ಣೆಗೆ ಇದರ ಎಣ್ಣೆ ಬೆರೆತು 1998ರಲ್ಲಿ ದೆಹಲಿಯಲ್ಲಿ ಕಾಲು ಊದಿ, ಹೃದಯ ಸೋತು ಜನ ಸತ್ತರು. ಸಾಸಿವೆ ಬೆಳೆಯುವವರು ಕಟಾವಿಗೆ ಮೊದಲೇ ಈ ಗಿಡವನ್ನು ಹೊಲದಿಂದ ತೆಗೆಯಲೇಬೇಕು.

## ಹೊಲ, ಗದ್ದೆ, ತೋಟ

"ಗದ್ದೇಲಿ ಭತ್ತದ ಥರಾನೇ ಇರೋ ಹುಲ್ಲು. ತೆನೆ ಬಂದ ಮೇಲೇ ಗೊತ್ತಾಗೋದು. ಮೊದಲೇ ಹಿಡಿಯೋದು ಹೇಗೆ?"

ಎಲೆಯ ಬುಡ ನೋಡಿ. ಎಲೆ ಕಾಂಡವನ್ನು ಅಪ್ಪಿಕೊಂಡು ಬಂದು ಹೊರಕ್ಕೆ ಬಾಗುವ ಜಾಗ ಇದೆಯಲ್ಲ, ಅಲ್ಲಿ ಎಲೆಯನ್ನು ಮೆಲ್ಲಗೆ ಹಿಂದಕ್ಕೆ ಮಡಚಿ. ಭತ್ತವಾದರೆ ತೆಳು ಬಿಳಿ ಪೊರೆಯ ನಾಲಿಗೆ ಕಾಣುತ್ತದೆ, ಎರಡು ಪಕ್ಕ ಕೂದಲಿರುವ ಪುಟ್ಟ ಕಿವಿಗಳಿರುತ್ತವೆ. ಗದ್ದೆಯ ಎಕಿನೋಕ್ಲೋವ ಹುಲ್ಲಿಗೆ ನಾಲಿಗೆಯೂ ಇಲ್ಲ, ಕಿವಿಯೂ ಇಲ್ಲ, ಆ ಜಾಗ ನುಣ್ಣಗೆ ಬೋಳು. ಇಷ್ಟು ಖಚಿತ ಗುರುತು ಬೇರೆ ಕಳೆಗಳಿಗೆ ಸಿಗುವುದು ಅಪರೂಪ.

ಈ ಹುಲ್ಲು ಗದ್ದೆಗೆ ಬರುವುದು ಬಹಳ ಸಲ ಸಸಿಮಡಿಯಿಂದ. ನಾಟಿ ಮಾಡುವವರು ಸಸಿಯ ಜೊತೆ ಇದನ್ನೂ ಸೇರಿಸಿ ನೆಟ್ಟುಬಿಡುತ್ತಾರೆ. ಮಡಿಯಲ್ಲೇ ಒಮ್ಮೆ ಕೂತು ಆರಿಸಿ. ಕಳೆ ಭತ್ತ ಮಾತ್ರ ಈ ಪರೀಕ್ಷೆಗೆ ಸಿಗದು, ಅದೂ ಭತ್ತವೇ ಆದ್ದರಿಂದ ನಾಲಿಗೆ, ಕಿವಿ ಎರಡೂ ಇರುತ್ತವೆ. ಬೇಗ ತೆನೆ ಬರುವುದು, ಕಾಳು ಬೇಗ ಉದುರುವುದು, ಅಕ್ಕಿ ಕೆಂಪಗಿರುವುದು ಅದರ ಸಾಮಾನ್ಯ ಗುರುತು.

"ಜ್ವಾಳದ ಹೊಲದಾಗ ಸಣ್ಣ ಸಣ್ಣ ಬಿಳಿ ಹೂವಿನ ಗಿಡ ಎದ್ದಾವ್ರೀ. ನೀರಿದ್ರೂ ಜ್ವಾಳ ಬಾಡಾಕತ್ತೈತಿ."

ಸ್ಟ್ರೈಗಾ. ಇದು ಬೇರು ಹೀರುವ ಪರಾವಲಂಬಿ ಕಳೆ. ಗೇಣುದ್ದದ ಗಿಡ, ಕಿರಿದಾದ ಒರಟು ಎಲೆ, ಬಿಳಿ ಹೂವು. ಒಂದು ಗಿಡವನ್ನು ಮಣ್ಣಿನ ಸಮೇತ ಹುಷಾರಾಗಿ ಎತ್ತಿ ತೊಳೆದರೆ ಅದರ ಬೇರು ಜೋಳದ ಬೇರಿಗೆ ಕಚ್ಚಿಕೊಂಡಿರುವುದು ಕಾಣುತ್ತದೆ. ಜೋಳ, ಮೆಕ್ಕೆಜೋಳ, ಕಬ್ಬು ಇದರ ಮನೆ.

ಬೀಜ ದೂಳಿನಷ್ಟು ಸಣ್ಣದು. ಆಸರೆ ಬೆಳೆಯ ಬೇರು ಸೂಸುವ ರಸದ ಸುಳಿವು ಸಿಗುವವರೆಗೆ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಗಿಡ ಮೇಲೆ ಕಾಣುವ ಹೊತ್ತಿಗೆ ಅರ್ಧ ನಷ್ಟ ಆಗಿಹೋಗಿರುತ್ತದೆ. ಆದರೂ ಕಿತ್ತು ಸುಡಿ, ಒಂದು ಹೂವೂ ಬೀಜವಾಗಬಾರದು. ಮುಂದಿನ ವರ್ಷ ಆ ಹೊಲಕ್ಕೆ ಹತ್ತಿ, ಶೇಂಗಾ, ಅಲಸಂದಿ ಅಥವಾ ಸೂರ್ಯಕಾಂತಿ ಹಾಕಿ. ಇವುಗಳ ಬೇರಿನ ರಸಕ್ಕೂ ಸ್ಟ್ರೈಗಾ ಬೀಜ ಮೊಳೆಯುತ್ತದೆ, ಆದರೆ ಕಚ್ಚಿಕೊಳ್ಳಲು ಆಗದೆ ಸಾಯುತ್ತದೆ. ಬಡವಾದ ಮಣ್ಣಿನಲ್ಲಿ ಇದರ ಹಾವಳಿ ಜಾಸ್ತಿ, ಹಾಗಾಗಿ ಕೊಟ್ಟಿಗೆ ಗೊಬ್ಬರ, ಸಾರಜನಕ ಕಡಿಮೆ ಮಾಡಬೇಡಿ.

"ಕುದುರೆ ಮಸಾಲೆ ಮೇವಿನ ಮೇಲೆ ಹಳದಿ ದಾರ ಸುತ್ಕೊಂಡಿದೆ. ಬೇರೇ ಕಾಣಲ್ಲ."

ಬೇರಿಲ್ಲದ್ದು ನಿಜ. ಕಸ್ಕ್ಯೂಟಾ ಅನ್ನುವ ಈ ಕಳೆ ಮೊಳೆತಾಗ ಮಾತ್ರ ನೆಲದಲ್ಲಿರುತ್ತದೆ, ಗಿಡ ಸಿಕ್ಕಿದ ಮೇಲೆ ಬುಡ ಒಣಗಿ, ಅದರ ಕಾಂಡಕ್ಕೆ ಹೀರುಬೇರು ಇಳಿಸಿ ಬದುಕುತ್ತದೆ. ಬಿಡಿಸಲು ಹೋಗಬೇಡಿ, ಒಂದು ಎಳೆ ಉಳಿದರೂ ಮತ್ತೆ ಹಬ್ಬುತ್ತದೆ. ಸುತ್ತಿಕೊಂಡ ಮೇವನ್ನು ಸೇರಿಸಿ ನೆಲಮಟ್ಟಕ್ಕೆ ಕೊಯ್ದು ಸುಡಿ. ಇದು ಸಾಮಾನ್ಯವಾಗಿ ಮೇವಿನ ಬೀಜದ ಜೊತೆ ಬೆರೆತು ಬರುತ್ತದೆ, ಬೀಜ ಕೊಳ್ಳುವಾಗ ನೋಡಿ. ಮಾವು, ಸಪೋಟದ ಕೊಂಬೆ ಮೇಲೆ ಹಸಿರು ದಪ್ಪ ಎಲೆಯ ಗೊಂಚಲು ಬೆಳೆದಿದ್ದರೆ ಅದು ಬಂದಳಿಕೆ. ಅಂಟಿದ ಜಾಗಕ್ಕಿಂತ ಕೆಳಗೆ ಕೊಂಬೆ ಕಡಿಯಬೇಕು.

"ಚಪ್ಪಲಿಗೆ, ಪಂಚೆಗೆ ಅಂಟೋ ಮುಳ್ಳುಗಳೆಲ್ಲ ಒಂದೇ ಗಿಡದ್ದಾ?"

ಅಲ್ಲ. ನೆಲಕ್ಕೆ ಹರಡಿ, ಹಳದಿ ಐದೆಸಳಿನ ಹೂ ಬಿಟ್ಟು, ಚಪ್ಪಲಿಗೆ ಚುಚ್ಚುವುದು ನೆಗ್ಗಿಲು. ಕಡ್ಡಿಯಂಥ ಉದ್ದ ತೆನೆಯಿಂದ ಬಟ್ಟೆಗೆ ಅಂಟುವುದು ಉತ್ತರಾಣಿ. ಕೊಕ್ಕೆಮುಳ್ಳಿನ ದಪ್ಪ ಕಾಯಿ ಮರುಳುಮತ್ತಿಯದು. ಮರುಳುಮತ್ತಿಯ ಒಂದು ಕಾಯಿಯೊಳಗೆ ಎರಡು ಬೀಜ ಇರುತ್ತವೆ. ಸಾಮಾನ್ಯವಾಗಿ ಒಂದು ಮೊದಲು ಮೊಳೆಯುತ್ತದೆ, ಇನ್ನೊಂದು ತಡವಾಗಿ. ಹಾಗಾಗಿ ಒಂದು ವರ್ಷ ಕಿತ್ತು ಸುಮ್ಮನಾದರೆ ಮುಗಿಯಲಿಲ್ಲ. ಅದರ ಎರಡೆಲೆಯ ಮೊಳಕೆ ದನಕ್ಕೆ ವಿಷ, ಮೇಯಲು ಬಿಡಬೇಡಿ.

"ತೋಟದ ಬೇಲಿ ಪೂರ್ತಿ ಪೊದೆ ಹಬ್ಬಿದೆ. ಲಂಟಾನಾನಾ, ಕಮ್ಯುನಿಸ್ಟ್ ಗಿಡಾನಾ?"

ಲಂಟಾನದ ಕಾಂಡ ಚೌಕ, ಸಣ್ಣ ಮುಳ್ಳು, ಎಲೆ ಒರಟು. ಒಂದೇ ಗೊಂಚಲಲ್ಲಿ ಎರಡು ಬಣ್ಣದ ಹೂವು, ಹಕ್ಕಿ ತಿಂದು ಹರಡುವ ಕಪ್ಪು ಹಣ್ಣು. ಕಮ್ಯುನಿಸ್ಟ್ ಗಿಡ ಅಥವಾ ಯುಪಟೋರಿಯಂನ ಕಾಂಡ ಗುಂಡಗೆ, ಮುಳ್ಳಿಲ್ಲ. ಎಲೆಯ ಬುಡದ ಹತ್ತಿರದಿಂದ ಮೂರು ನರ ತ್ರಿಶೂಲದಂತೆ ಹೊರಡುತ್ತವೆ. ಬೀಜಕ್ಕೆ ಕೂದಲಿದ್ದು ಗಾಳಿಯಲ್ಲಿ ಹಾರುತ್ತದೆ, ಒಣಗಿದ ಪೊದೆಗೆ ಬೆಂಕಿ ಬೇಗ ಹತ್ತುತ್ತದೆ. ಹೂ ಬಿಡುವ ಮೊದಲು ಕಡಿದರೆ ಅಡಿಕೆ ಬುಡಕ್ಕೆ ಒಳ್ಳೆಯ ಹಸಿರು ಸೊಪ್ಪು.

ಲಂಟಾನ ತಿಂದ ದನಕ್ಕೆ ಯಕೃತ್ತು ಕೆಟ್ಟು, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಬುಡ ಸಮೇತ ಅಗೆದರೆ ಮಾತ್ರ ಹೋಗುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಇದರ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ತೆಗೆದು ಕುರ್ಚಿ, ಬುಟ್ಟಿ ಮಾಡುತ್ತಾರೆ. ಕಾಡಿನ ಮೇವನ್ನೆಲ್ಲ ಮುಚ್ಚಿದ ಗಿಡದಿಂದ ಅಷ್ಟಾದರೂ ಆದಾಯ ತೆಗೆದಿದ್ದಾರೆ.

## ಇನ್ನೂ ಆಳಕ್ಕೆ

"ಅಂಗಡಿಯವ್ರು ಕೊಟ್ಟ ಕಳೆನಾಶಕ ಹೊಡೆದೆ. ಅರ್ಧ ಸತ್ತು, ಅರ್ಧ ಹಾಗೇ ನಿಂತಿದೆ. ಔಷಧಿ ಡೂಪ್ಲಿಕೇಟಾ?"

ಇರಲಿಕ್ಕಿಲ್ಲ, ಗುರುತು ತಪ್ಪಿರಬೇಕು. 2,4-ಡಿ ಅಗಲ ಎಲೆಯ ಕಳೆಗೆ, ಹುಲ್ಲನ್ನು ಕೊಲ್ಲದು. ಮೆಕ್ಕೆಜೋಳಕ್ಕೆ ಬಿತ್ತಿದ ಕೂಡಲೇ ಹಾಕುವ ಅಟ್ರಜಿನ್ ತೇವದ ಮಣ್ಣಿನಲ್ಲಿ, ಕಳೆ ಮೊಳೆಯುವ ಮೊದಲು ಬೀಳಬೇಕು. ಎದ್ದು ನಿಂತ ಜೇಕಿಗೆ ಅದು ಏನೂ ಮಾಡದು. ದೂಳು ಕೂತ ಎಲೆ, ಹೊಡೆದ ಕೂಡಲೇ ಬಂದ ಮಳೆ, ಬರದಲ್ಲಿ ಬಾಡಿದ ಕಳೆ, ಇವೂ ಕಾರಣ.

ಯಾವ ಬೆಳೆಗೆ, ಎಷ್ಟು ದಿನಕ್ಕೆ, ಎಷ್ಟು ಪ್ರಮಾಣ ಅನ್ನುವುದು ಡಬ್ಬಿಯ ಚೀಟಿಯಲ್ಲಿದ್ದಷ್ಟೇ. 2,4-ಡಿ ಗಾಳಿಯಲ್ಲಿ ತೇಲಿ ಪಕ್ಕದ ಹತ್ತಿ, ಟೊಮ್ಯಾಟೊ, ದ್ರಾಕ್ಷಿಯ ಎಲೆಯನ್ನು ಮುರುಟಿಸುತ್ತದೆ. ಅದೇ ಕ್ಯಾನಿನಲ್ಲಿ ಬೆಳೆಗೆ ಬೇರೆ ಔಷಧಿ ಹೊಡೆಯಬೇಡಿ. ಗ್ಲೈಫೋಸೇಟ್ ಅನ್ನುವ ಕಳೆನಾಶಕದ ಬಳಕೆಯನ್ನು ಕೀಟ ನಿಯಂತ್ರಣ ಪರವಾನಗಿ ಇರುವವರಿಗೆ ಮಾತ್ರ ಸೀಮಿತಗೊಳಿಸಿ 2022ರಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದೆ. ಪ್ಯಾರಾಕ್ವಾಟ್ ಅನ್ನುವ ಕಳೆನಾಶಕ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷ ಇಲ್ಲ. ಇಂಥದ್ದನ್ನು ಮನೆಯೊಳಗೆ, ಮಕ್ಕಳ ಕೈಗೆಟುಕುವಲ್ಲಿ, ನೀರಿನ ಬಾಟಲಿಯಲ್ಲಿ ಇಡಲೇಬೇಡಿ.

"ಮೊದಲು ಈ ಕಳೆ ನಮ್ಮಲ್ಲಿ ಇರಲೇ ಇಲ್ಲ. ಎಲ್ಲಿಂದ ಬಂತು?"

ಪೂರ್ತಿ ಕಳಿಯದ ಕೊಟ್ಟಿಗೆ ಗೊಬ್ಬರದಿಂದ, ಕಾಲುವೆ ನೀರಿನಿಂದ, ಊರೂರು ಸುತ್ತುವ ಕಟಾವು ಯಂತ್ರದಿಂದ, ಕೊಂಡ ಬೀಜದಿಂದ. ಹಲವು ಕಳೆಗಳ ಬೀಜ ದನದ ಹೊಟ್ಟೆ ದಾಟಿಯೂ ಮೊಳೆಯುತ್ತದೆ. ಗೊಬ್ಬರ ಚೆನ್ನಾಗಿ ಬಿಸಿಯೇರಿ ಕಳಿತರೆ ಬಹುಪಾಲು ಸಾಯುತ್ತದೆ. ಪ್ರತಿ ವರ್ಷ ಒಂದೇ ಬೆಳೆ, ಒಂದೇ ಔಷಧಿ ಅಂತ ಹೋದರೆ ಅದಕ್ಕೆ ಜಗ್ಗದ ಕಳೆ ಮಾತ್ರ ಉಳಿದು ಹೆಚ್ಚುತ್ತದೆ. ಕನ್ನೆ ಸೊಪ್ಪು ಹಾಗೆ ಹೆಚ್ಚುವ ಗಿಡ. ತುಂಡಾದ ಕಾಂಡದಿಂದಲೂ ಚಿಗುರುತ್ತದೆ, ಅದರಲ್ಲೊಂದು ಜಾತಿ ಮಣ್ಣಿನೊಳಗೂ ಹೂ ಬಿಟ್ಟು ಬೀಜ ಕಟ್ಟುತ್ತದೆ. ಕಿತ್ತಿದ್ದನ್ನು ಸಾಲಿನಲ್ಲೇ ಬಿಟ್ಟು ಹೋಗಬೇಡಿ.

ಬಿತ್ತುವ ಮೊದಲು ಮೊದಲ ಮಳೆಗೆ ಕಳೆ ಮೊಳೆಯಲು ಬಿಟ್ಟು, ಹಗುರವಾಗಿ ಹರಗಿ, ಆಮೇಲೆ ಬಿತ್ತುವ ಹಳೆಯ ಪದ್ಧತಿ ಈಗಲೂ ಬಹಳ ಉಪಯೋಗಕ್ಕೆ ಬರುತ್ತದೆ.

"ಫೋನಿನ ಆ್ಯಪ್ ಒಂದೊಂದು ಸಲ ಒಂದೊಂದು ಹೆಸರು ಹೇಳತ್ತೆ. ಯಾರನ್ನ ಕೇಳ್ಲಿ?"

ಆ್ಯಪ್ ಹೂವಿದ್ದರೆ ಪರವಾಗಿಲ್ಲ, ಹುಲ್ಲು ಮತ್ತು ಮೊಳಕೆಯಲ್ಲಿ ತುಂಬ ಎಡವುತ್ತದೆ. ಇಡೀ ಗಿಡ, ಎಲೆಯ ಮೇಲ್ಭಾಗ, ಕೆಳಭಾಗ, ಗೆಣ್ಣು, ಹೂವು, ತೊಳೆದ ಬೇರು, ಇಷ್ಟರ ಫೋಟೋ ಬೇರೆ ಬೇರೆ ತೆಗೆಯಿರಿ. ಅಳತೆಗೆ ಪಕ್ಕದಲ್ಲಿ ಒಂದು ನಾಣ್ಯ ಇಡಿ.

ಖಚಿತ ಬೇಕಿದ್ದರೆ ಹತ್ತಿರದ ರೈತ ಸಂಪರ್ಕ ಕೇಂದ್ರ ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಗಿಡವನ್ನೇ ಒಯ್ಯಿರಿ. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಗಳಲ್ಲೂ ತೋರಿಸಬಹುದು. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದರೆ ದಾರಿಯಲ್ಲೇ ಬೆವತು ಕೊಳೆಯುತ್ತದೆ. ಹಳೆಯ ಪೇಪರಿನ ನಡುವೆ ಚಪ್ಪಟೆಯಾಗಿ ಹರಡಿ, ಮೇಲೆ ಭಾರ ಇಟ್ಟು, ದಿನಕ್ಕೊಮ್ಮೆ ಪೇಪರ್ ಬದಲಿಸಿ. ಯಾವ ಊರು, ಯಾವ ಬೆಳೆ, ಯಾವ ತಿಂಗಳು, ಹೂವಿನ ಬಣ್ಣ ಏನಿತ್ತು ಅಂತ ಅದೇ ಪೇಪರಿನ ಅಂಚಿನಲ್ಲಿ ಬರೆದಿಡಿ. ಒಣಗಿದ ಮೇಲೆ ಹೂವಿನ ಬಣ್ಣ ಮಾಸುತ್ತದೆ.